ಕೊನೇ ಸಾಲಿಗೆ ಕೇಳಿಸುವ ಹಾಗೆ

ಜುಲೈ 6

ಪ್ರೀತಿಯ ದೊಡ್ಡಮ್ಮನಿಗೆ,

ಮೊನ್ನೆ ಫೋನ್ ಮಾಡಿದರೆ ನೀನು "ಹಾಂ? ಏನು? ಲೈನ್ ಸರಿ ಇಲ್ಲ" ಅಂತ ಕೂಗಿ ಕೂಗಿ ಇಟ್ಟೇಬಿಟ್ಟೆ. ನಿನ್ನ ಮನೆ ಹತ್ತಿರ ಸಿಗ್ನಲ್ ಅಷ್ಟು ಕೆಟ್ಟದಾ? ಅದಕ್ಕೇ ಈ ಪತ್ರ. ಪೋಸ್ಟ್ ಆಫೀಸಿನಲ್ಲಿ ಕವರ್ ಕೇಳಿದ್ದಕ್ಕೆ ಕ್ಲರ್ಕು ನನ್ನನ್ನು ಮ್ಯೂಸಿಯಮ್ಮಿನಿಂದ ಎದ್ದು ಬಂದವಳ ಹಾಗೆ ನೋಡಿದರು.

ಕಾಲೇಜು ಶುರುವಾಗಿದೆ. ರೂಮು ಮೂರನೇ ಮಹಡಿ. ಕಿಟಕಿಯ ಬಾಗಿಲು ಮುಚ್ಚೋದಿಲ್ಲ, ಬೀರುವಿನದು ತೆಗೆಯೋದಿಲ್ಲ. ರೂಮ್‌ಮೇಟ್‌ಗೆ ಎಲ್ಲರೂ ರೇಡಿಯೋ ಅಂತಾರೆ. ಬೆಳಗ್ಗೆ ಕಣ್ಣು ಬಿಡೋ ಮೊದಲೇ ಬಾಯಿ ಬಿಡುತ್ತಾಳೆ. ಒಳ್ಳೆಯವಳು. ಆದರೆ ಅವಳ ಪಕ್ಕ ನಾನು ಗೋಡೆಗೆ ಹಾಕಿದ ಮೊಳೆ ಥರ.

ಈಗ ಅಸಲು ವಿಷಯ. ಕನ್ನಡಕದ ಮೇಡಂ ಅಂತ ಒಬ್ಬರಿದ್ದಾರೆ. ಅವರ ಪೇಪರ್‌ನಲ್ಲಿ ಮೊದಲ ವರ್ಷದವರೆಲ್ಲ ದೊಡ್ಡ ಹಾಲ್‌ನಲ್ಲಿ, ಎಲ್ಲರ ಮುಂದೆ, ಮೈಕ್ ಇಲ್ಲದೆ ಐದು ನಿಮಿಷ ಡಿಬೇಟ್ ಮಾಡಲೇಬೇಕು. ಮಾಡದಿದ್ದರೆ ಪೇಪರ್ ಫೇಲ್, ಎರಡನೇ ವರ್ಷಕ್ಕೆ ಬಿಡೋದಿಲ್ಲ. "ಮೈಕಿಗೆ ಮಾತಾಡೋಕೆ ಯಾರಿಗೂ ಕಲಿಸಬೇಕಾಗಿಲ್ಲ, ಮನುಷ್ಯರಿಗೆ ಮಾತಾಡೋದು ಕಲೀರಿ" ಅಂತಾರೆ. ವಿಷಯ ಕೇಳು: "ಯಾರು ಏನು ಬೇಕಾದರೂ ಹೇಳಬಹುದು, ಎಲ್ಲರಿಗೂ ಓದು ಸಿಗುತ್ತದೆ. ಹಾಗಾದರೆ ಸಮಾಜ ಮುಂದುವರಿದಿದೆಯೇ?" ಚೀಟಿ ಎತ್ತಿದಾಗ ನನಗೆ "ಹೌದು" ಬಂತು, ರೇಡಿಯೋಗೆ "ಇಲ್ಲ".

ದೊಡ್ಡಮ್ಮಾ, ನಿನಗೆ ಗೊತ್ತಲ್ಲ ನನ್ನ ಹಾಸ್ಟೆಲ್ ಶಾಲೆ. ಗಂಟೆ ಹೊಡೆದ ಮೇಲೆ ಬಾಯಿ ಮೇಲೆ ಬೆರಳು. ಹತ್ತು ವರ್ಷದಲ್ಲಿ ನನಗೆ ಕೊಟ್ಟ ಒಂದೇ ಪ್ರೈಜ್ "ಅತ್ಯಂತ ಶಾಂತ ವಿದ್ಯಾರ್ಥಿನಿ". ಈಗ ಇವರು ಮಾತಾಡು ಅಂದರೆ ಹೇಗೆ? ಮಾತಾಡೋ ಹಕ್ಕು ನನಗೂ ಇದೆಯಂತೆ. ಹಕ್ಕು ಇದೆ, ಸೌಂಡ್ ಇಲ್ಲ.

ನಾಲ್ಕು ಪಾಯಿಂಟ್ ಬರೆದು ಕಳಿಸು. ನೀನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟರೂ ಜಗಳದಲ್ಲಿ ಎಂದೂ ಸೋತವಳಲ್ಲ.

ನಿನ್ನ,
ಮೊಲ


ಜುಲೈ 15

ನನ್ನ ಮೊಲವೇ,

ನಿನ್ನ ಕಾಗದ ಕೊಡುವಾಗ ಪೋಸ್ಟ್‌ಮ್ಯಾನ್ ಮುಖ ಸಣ್ಣಗೆ ಮಾಡಿಕೊಂಡು, "ಯಾರಾದ್ರೂ ಹೋಗ್ಬಿಟ್ರಾ?" ಅಂದ. "ಇಲ್ಲಪ್ಪ, ನನ್ನ ಮಗಳು ಕಾಲೇಜಿಗೆ ಹೋಗಿದಾಳೆ" ಅಂದೆ. ತಂಗಿ ಮಗಳಾದರೇನು, ಮಗಳೇ. ನಿಮ್ಮಮ್ಮ ಕೆಲಸ ಅಂತ ಊರೂರು ಸುತ್ತುವಾಗ ರಜೆ ರಜೆಗೂ ನಿನ್ನ ತಲೆ ಬಾಚಿದವಳು ನಾನು.

ನಿನ್ನ ಪ್ರಶ್ನೆಯನ್ನ ನಾನೊಬ್ಬಳೇ ಯಾಕೆ ಹೊರಬೇಕು ಅಂತ ಗಿರಣಿಗೇ ತೆಗೆದುಕೊಂಡು ಹೋದೆ. ನಮ್ಮ ಶೆಡ್ ನಿನಗೆ ನೆನಪಿದೆಯಲ್ಲ. ಅಷ್ಟೂ ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದಲ್ಲಿ ಸಿಡಿಲು ಬಿದ್ದರೂ ತಿಳಿಯೋದಿಲ್ಲ. ಅಲ್ಲಿ ನಡೆಯೋದು ತುಟಿಮಾತು ಒಂದೇ, ಸದ್ದಿಲ್ಲದೆ ತುಟಿ ಆಡಿಸೋದು, ನೋಡಿ ತಿಳ್ಕೊಳ್ಳೋದು. ಮೊದಲನೇ ಮಗ್ಗದಲ್ಲಿ ನಿಂತು ನಾನು ಎರಡನೇ ಮಗ್ಗದ ಉದ್ದಕ್ಕನಿಗೆ ತುಟಿಯಲ್ಲೇ ಕೇಳಿದೆ, "ಸಮಾಜ ಮುಂದೆ ಹೋಗಿದೆಯಾ, ನಮ್ಮ ಮೊಲ ಕೇಳ್ತಿದಾಳೆ." ಅವಳು ಪಕ್ಕದವಳಿಗೆ, ಪಕ್ಕದವಳು ಆಚೆಯವಳಿಗೆ. ಊಟದ ಗಂಟೆಯ ಹೊತ್ತಿಗೆ ಕೊನೇ ಮಗ್ಗದಿಂದ ಉತ್ತರಗಳು ವಾಪಸ್ ಬಂದವು. ಬರ್ಕೋ.

ಉದ್ದಕ್ಕ: "ನನ್ನ ಮಗಳು ಓದಿದಾಳೆ. ಮೊದಲೆಲ್ಲ ಔಷಧಿ ಕುಡಿದು ತೆಪ್ಪಗೆ ಮಲಗ್ತಿದ್ದೆ. ಈಗ ಬಾಟಲಿ ಜೊತೆಗಿನ ಚೀಟಿ ಪೂರ್ತಿ ಓದಿ ಹೇಳ್ತಾಳೆ, ತಲೆ ಸುತ್ತಬಹುದು, ವಾಂತಿ ಆಗಬಹುದು ಅಂತ. ಈಗ ಎಲ್ಲಾ ಆಗ್ತಿದೆ."

ಕೊನೇ ಮಗ್ಗದ ಹೊಸ ಹುಡುಗಿ: "ಮದುವೆ ಮಾತು ತಂದವನಿಗೆ ನಾನೇ ಎದುರು ನಿಂತು ಬೇಡ ಅಂದೆ. ನಮ್ಮಮ್ಮನಿಗೆ ಹಾಗನ್ನೋಕೆ ಆಗಿರಲಿಲ್ಲ. ಅದಕ್ಕೇ ನಾನು ಹುಟ್ಟಿದ್ದು."

ನನ್ನದು ಕೇಳಿದರೆ, ನೋಟೀಸ್ ಬೋರ್ಡ್. ಮೊದಲು ಸೂಪರ್‌ವೈಸರ್ ಗಡಿಯಾರಪ್ಪ (ಸದಾ ಕೈಗಡಿಯಾರ ನೋಡ್ಕೊಂಡೇ ಓಡಾಡ್ತಾನಲ್ಲ, ಅವನೇ) ನೋಟೀಸ್ ಓದಿ ಹೇಳ್ತಿದ್ದ, ನಾವು ತಲೆ ಆಡಿಸ್ತಿದ್ದೆವು. ಈಗ ಎಲ್ಲರಿಗೂ ಓದು ಬರುತ್ತೆ. ಬರೆಯೋಕೂ ಬರುತ್ತೆ. "ಶೌಚಾಲಯದಲ್ಲಿ ಅನಗತ್ಯವಾಗಿ ಕಾಲ ಕಳೆಯಬಾರದು" ಅಂತ ಅಂಟಿಸಿದರೆ, ಅದರ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ, "ಅಗತ್ಯ ಎಷ್ಟು ಅಂತ ಸಾಹೇಬರೇ ಹೋಗಿ ತೋರಿಸಲಿ." ಯಾರ ಕೈಬರಹ ಅಂತ ನನ್ನನ್ನ ಕೇಳಬೇಡ.

ಇನ್ನೊಂದು ಸುದ್ದಿ. ಹೊಸ ಮ್ಯಾನೇಜರ್ ಬಂದಿದಾನೆ, ಚಿಕ್ಕ ಪ್ರಾಯ, ಓದಿಕೊಂಡವನು. ಪ್ರತಿ ಶನಿವಾರ ಊಟದ ಮೇಲೆ ಕ್ಯಾಂಟೀನಿನಲ್ಲಿ ಮೈಕ್ ಇಡ್ತಾನೆ. ಯಾರು ಬೇಕಾದರೂ ಹತ್ತಿ ಏನು ಬೇಕಾದರೂ ಹೇಳಬಹುದಂತೆ, ಯಾರನ್ನೂ ಕೆಲಸದಿಂದ ತೆಗೆಯೋದಿಲ್ಲವಂತೆ. ನಿನ್ನ ಡಿಬೇಟು ನಮ್ಮ ಕ್ಯಾಂಟೀನಿಗೇ ಬಂತು ನೋಡು. ಹೋದ ಶನಿವಾರ ಯಾರೂ ಏಳಲಿಲ್ಲ. ಗಡಿಯಾರಪ್ಪನೇ ಎದ್ದು "ಹಲೋ, ಹಲೋ" ಅಂದು ಕೂತ.

ಗಿರಣಿಯವರಿಗೆ ಒಂದೇ ಆಸೆ, ಕೂರೋಕೆ ಸ್ಟೂಲು. ಇಡೀ ದಿನ ನಿಂತು ನಿಂತು ಕಾಲು ಕಂಬವಾಗುತ್ತೆ. ಆದರೆ ಹೇಳೋರು ಯಾರು?

ಲೈನ್ ವಿಷಯ ಬಿಡು. ಕಾಗದವೇ ಚೆಂದ.

ದೊಡ್ಡಮ್ಮ


ಜುಲೈ 28

ಪ್ರೀತಿಯ ದೊಡ್ಡಮ್ಮನಿಗೆ,

ಪಾಯಿಂಟ್‌ಗಳಿಗೆ ಥ್ಯಾಂಕ್ಸ್. ತುಂಬಾ ಯೂಸ್‌ಫುಲ್ ಆಗಿವೆ. ತಯಾರಿ ಚೆನ್ನಾಗಿ ನಡೀತಿದೆ. ಮೊನ್ನೆ ಕ್ಲಾಸಿನಲ್ಲಿ ಪ್ರಾಕ್ಟೀಸ್ ಇತ್ತು, ಅದೂ ಚೆನ್ನಾಗಿಯೇ ಆಯಿತು. ಊಟ ಚೆನ್ನಾಗಿದೆ.

ರೇಡಿಯೋ ವಾದ ಮಾತ್ರ ಸೂಪರ್. "ಓದು ಬರೋಕೆ ಮೊದಲು ಜನ ಸುಳ್ಳು ಹೇಳ್ತಿದ್ರು, ಈಗ ಸುಳ್ಳು ಬರೀತಾರೆ, ಅಷ್ಟೇ ಪ್ರೋಗ್ರೆಸ್" ಅಂತಾಳೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಅವಳು ನನ್ನ ವಿರುದ್ಧದ ಪಾರ್ಟಿ ಅಂತ ನೆನಪಾಗಿ ನಿಲ್ಲಿಸಿದೆ. ನಿಜ ಹೇಳಬೇಕೆಂದರೆ ನನಗೂ ಅವಳದೇ ಸರಿ ಅನ್ನಿಸುತ್ತೆ. ಫೋನ್ ತೆಗೆದರೆ ಎಲ್ಲರೂ ಮಾತಾಡ್ತಿದ್ದಾರೆ, ಎಲ್ಲರೂ ಓದಿದವರೇ, ಒಬ್ಬರ ಮುಖ ಒಬ್ಬರು ನೋಡಿದ್ದರೆ ಬರೆಯಲಾಗದಂಥ ಮಾತುಗಳು.

ಭಾನುವಾರ ಫೋನ್ ಮಾಡಿದ್ದೆ. ನೀನು ಎತ್ತಲೇ ಇಲ್ಲ. ಬೇಜಾರಾ?

ಮೊಲ


ಆಗಸ್ಟ್ 5

ಮೊಲವೇ,

ಅಷ್ಟು ಚಿಕ್ಕ ಕಾಗದದಲ್ಲಿ ಮೂರು ಸಲ "ಚೆನ್ನಾಗಿ" ಬರೆದಿದ್ದೀಯ. ಚೆನ್ನಾಗಿರೋರು ಒಂದು ಸಲ ಬರೆದು ಬಿಡ್ತಾರೆ. ಪ್ರಾಕ್ಟೀಸ್ ದಿನ ಏನಾಯಿತು? ನೀನಾಗಿ ಹೇಳೋವರೆಗೂ ನಾನು ಕೇಳೋದಿಲ್ಲ. ಈಗ ಕೇಳಿದ್ದು ಲೆಕ್ಕಕ್ಕಿಲ್ಲ.

ಬೇಜಾರೂ ಇಲ್ಲ ಗೀಜಾರೂ ಇಲ್ಲ. ಫೋನ್ ಹೊಡೆದದ್ದು ಗೊತ್ತಾಗಲಿಲ್ಲ, ಅಡುಗೆಮನೆಯಲ್ಲಿದ್ದೆ.

ಈಗ ನನ್ನ ಮರ್ಯಾದೆ ಹೋದ ಕಥೆ ಕೇಳು, ನಗಬೇಡ. ನಗು, ಪರವಾಗಿಲ್ಲ, ಇಡೀ ಗಿರಣಿ ನಕ್ಕಾಗಿದೆ. ಈ ಶನಿವಾರವೂ ಮೈಕ್ ಇಟ್ಟರು. ಯಾರೂ ಏಳಲಿಲ್ಲ. ಉದ್ದಕ್ಕ ನನ್ನ ಪಕ್ಕೆಗೆ ತಿವಿದು, "ನೋಟೀಸ್ ಬೋರ್ಡಿನಲ್ಲಿ ಹುಲಿ, ಮೈಕಿನ ಮುಂದೆ ಇಲಿ" ಅಂದಳು. ನನಗೆ ರೋಷ ಬಂತು. ಎದ್ದೆ. ಹೋದೆ. ಮೈಕಿನ ಮುಂದೆ ನಿಂತೆ. ಎದುರಿಗೆ ನಮ್ಮ ಶೆಡ್ಡಿನವರೇ, ದಿನಾ ನೋಡೋ ಮುಖಗಳು. ಶುರು ಮಾಡಿದೆ ನೋಡು! ಕಾಲು ನೋವು, ಸೊಂಟ ನೋವು, ಬಸುರಿ ಹುಡುಗಿಯರೂ ನಿಂತೇ ಇರೋದು, ಮನೆಗೆ ಹೋಗಿ ಒಲೆ ಮುಂದೆ ಮತ್ತೆ ನಿಲ್ಲೋದು. ಗಡಿಯಾರಪ್ಪನ ಕುರ್ಚಿಗೆ ಮಾತ್ರ ಮೆತ್ತೆ ಬೇರೆ. ಅವನು ನಡೆಯೋ ಹಾಗೆ ಒಂದು ಸಲ ನಡೆದೂ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಹಿಂದಿನ ಬೆಂಚಿನಲ್ಲಿ ಇಬ್ಬರು ಕಣ್ಣು ಒರೆಸಿಕೊಂಡರು. ಕೊನೆಗೆ ಚಪ್ಪಾಳೆ ಅಂದ್ರೆ ಚಪ್ಪಾಳೆ.

ಮ್ಯಾನೇಜರ್ ಮಾತ್ರ ಎದ್ದು ನಿಂತು ವೈರು ಅಲ್ಲಾಡಿಸ್ತಿದಾನೆ. ಎಲೆಕ್ಟ್ರೀಷಿಯನ್‌ನ ಕರೀರಿ ಅಂತಿದಾನೆ. ಮೈಕ್ ಕೆಟ್ಟಿದೆಯಂತೆ.

ಆಗ ಹೊಳೆಯಿತು. ನಾನು ಅಷ್ಟೂ ಭಾಷಣ ತುಟಿಯಲ್ಲೇ ಮಾಡಿಬಿಟ್ಟಿದ್ದೆ! ಮೊಲವೇ, ಒಂದು ಚೂರೂ ಸದ್ದು ಹೊರಡಿಸಿರಲಿಲ್ಲ. ಆ ಮುಖಗಳನ್ನ ನೋಡಿದರೆ ನನಗೆ ಗಂಟಲು ಬೇಕು ಅಂತಲೇ ಅನ್ನಿಸೋದಿಲ್ಲ. ನಮ್ಮವರಿಗೂ ಹಾಗೇ. ಸದ್ದಿರಲಿಲ್ಲ ಅನ್ನೋದು ಒಬ್ಬರಿಗೂ ಗೊತ್ತಾಗಿರಲಿಲ್ಲ.

"ಅವರು ಏನು ಹೇಳಿದರು?" ಅಂತ ಆ ಪಾಪದ ಹುಡುಗ ಕೇಳಿದ. ನಮ್ಮವರ ಗಂಟಲು ಗೊತ್ತಲ್ಲ, ಶೆಡ್ಡಿನ ಹೊರಗೆ ಬಂದರೆ ಎಲ್ಲರೂ ಕಿರುಚೋದೇ. ಒಟ್ಟಿಗೆ "ಸ್ಟೂಲು!" ಅಂದರು. ಅವನ ಕೈಯಲ್ಲಿದ್ದ ಟೀ ಚೆಲ್ಲಿತು.

ಈಗ ಒಂದು ಸ್ಟೂಲು ಬಂದಿದೆ, ಪರೀಕ್ಷೆಗೆ ಅಂತ. ಒಂದೇ ಒಂದು. ಸರದಿ ಪ್ರಕಾರ ಕೂರ್ತೀವಿ. ಇವತ್ತು ಟೀ ಹೊತ್ತಲ್ಲಿ ನನ್ನ ಸರದಿ. ಇದನ್ನ ಅದರ ಮೇಲೆ ಕೂತೇ ಬರೀತಿದೀನಿ. ಸಿಂಹಾಸನ ಅಂದರೆ ಇದೇ ಇರಬೇಕು.

ದೊಡ್ಡಮ್ಮ


ಆಗಸ್ಟ್ 12

ದೊಡ್ಡಮ್ಮಾ,

ನಿನ್ನ ಪತ್ರ ಮೆಸ್‌ನಲ್ಲಿ ಓದಿ ನೀರು ಮೂಗಿಗೆ ಹೋಯಿತು. ರೇಡಿಯೋ ಕಿತ್ತುಕೊಂಡು ಟೇಬಲ್ಲಿಗೆಲ್ಲ ಓದಿದಳು. ನೀನೀಗ ನಮ್ಮ ಮಹಡಿಯಲ್ಲಿ ಫೇಮಸ್.

ಸರಿ, ಹೇಳ್ತೀನಿ. ಪ್ರಾಕ್ಟೀಸ್ ದಿನ ನಿಂತೆ. ಬಾಯಿ ತೆಗೆದೆ. ಮೇಡಂ "ಹೇಳಿ" ಅಂದರು. ಗಾಳಿ ಬಂತು, ಮಾತು ಬರಲಿಲ್ಲ. ಎಲ್ಲರೂ ಎಷ್ಟು ಒಳ್ಳೆಯವರು ಅಂದರೆ ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟ. ಹೊರಗೆ ಓಡಿಹೋಗಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತೆ. ಹಾಲ್‌ನಲ್ಲೂ ಹೀಗಾದರೆ ಎರಡನೇ ವರ್ಷ ಇಲ್ಲ. ಅಮ್ಮನಿಗೆ ಹೇಳಿಲ್ಲ.

ಆ ಕಲ್ಲಿನ ಮೇಲೆ ಕೂತಾಗ ಏನು ನೆನಪಾಯಿತು ಗೊತ್ತಾ? ಶಾಲೆಯ ಭೇಟಿ ಸಮಯ ಮುಗಿದ ಮೇಲೂ ನೀನು ಹೋಗುತ್ತಿರಲಿಲ್ಲ. ರಸ್ತೆಯ ಆಚೆ ಸೈಕಲ್ ಅಂಗಡಿ ಹತ್ತಿರ ನಿಲ್ಲುತ್ತಿದ್ದೆ. ನಾನು ಮೇಲಿನ ಕಿಟಕಿಯಲ್ಲಿ. ದೀಪ ಹಚ್ಚೋವರೆಗೂ ತುಟಿಮಾತು. ವಾರ್ಡನ್ ನೋಡಿ, "ಎಂಥ ಭಕ್ತಿ, ಕಿಟಕಿಯಲ್ಲಿ ನಿಂತು ಪ್ರಾರ್ಥನೆ ಮಾಡ್ತಾಳೆ ಮಗು" ಅಂತ ಎಲ್ಲರಿಗೂ ತೋರಿಸುತ್ತಿದ್ದರು. ನಾವು ಮಾತಾಡ್ತಿದ್ದದ್ದು ಅವರ ವಿಗ್ ಬಗ್ಗೆ.

ಡಿಬೇಟ್ ಇಪ್ಪತ್ತಾರಕ್ಕೆ. ನೀನು ಮಾತ್ರ ಬರಬೇಡ. ಪ್ಲೀಸ್. ನೀನಿದ್ದರೆ ಇನ್ನೂ ಟೆನ್ಷನ್.

ಮೊಲ


ಆಗಸ್ಟ್ 19

ಮೊಲವೇ,

ನಾನು ಬರೋದೆಲ್ಲಿಂದ ಬಂತು? ರಜೆ ಯಾರು ಕೊಡ್ತಾರೆ? ಬಸ್ಸಿನಲ್ಲಿ ಅಷ್ಟು ಹೊತ್ತು ಯಾರು ಕೂರ್ತಾರೆ? ನನಗೆ ಬೇರೆ ಕೆಲಸ ಇಲ್ಲವಾ?

ಕಲ್ಲಿನ ಮೇಲೆ ಕೂತದ್ದಕ್ಕೆ ನಾಚಿಕೆ ಯಾಕೆ? ಕೂರೋಕೆ ಜಾಗ ಸಿಕ್ಕಿತಲ್ಲ, ನಮಗೆ ಅದೂ ಇರಲಿಲ್ಲ.

ಹಾಲ್‌ನ ಬಾಗಿಲು ಯಾವ ಕಡೆ ಇದೆ? ಸುಮ್ಮನೆ ಕೇಳಿದೆ.

ದೊಡ್ಡಮ್ಮ


ಆಗಸ್ಟ್ 27

ಸುಳ್ಳಿ ದೊಡ್ಡಮ್ಮನಿಗೆ,

ಈ ಪತ್ರ ನೀನು ಮನೆ ಸೇರಿದ ಮೇಲೆ ಬರುತ್ತೆ ಅಂತ ಗೊತ್ತು. ನೀನೇ ಅಲ್ಲಿದ್ದೆ, ಎಲ್ಲ ಕೇಳಿಸಿಕೊಂಡೆ, ಮತ್ತೆ ಬರೆಯೋದೇನು? ಆದರೂ ಬರೀತೀನಿ. ನಿನ್ನೆಯಿಂದ ಬಾಯಿ ನಿಲ್ಲುತ್ತಿಲ್ಲ. ರೇಡಿಯೋನೇ "ಸ್ವಲ್ಪ ಆಫ್ ಆಗು" ಅಂತಿದ್ದಾಳೆ.

ಎದ್ದು ನಿಂತಾಗ ನೀನು ಬಂದಿರೋದು ನನಗೆ ಗೊತ್ತಿರಲಿಲ್ಲ. ರೇಡಿಯೋ ಆಗಷ್ಟೇ ಚಪ್ಪಾಳೆ ಬಾಚಿಕೊಂಡು ಕೂತಿದ್ದಳು. ನನ್ನ ಮೊದಲ ವಾಕ್ಯ ಮೊದಲ ಬೆಂಚಿನವರೆಗೂ ಹೋಗಲಿಲ್ಲ. ಹಿಂದಿನಿಂದ ಹುಡುಗರು "ಸೌಂಡ್ ಬರ್ತಿಲ್ಲ!" ಅಂದರು. ಇನ್ನೊಬ್ಬ "ಕೇಳಿಸ್ತಿಲ್ಲ ಮೇಡಂ!" ಅಂದ. ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು, ನಿಜವಾಗಿ.

ಅಷ್ಟರಲ್ಲಿ ಆ ಗಂಟಲು. ಕೊನೇ ಸಾಲಿನಿಂದ, ಇಡೀ ಶೆಡ್ಡು ಮೀರಿಸೋ ಗಂಟಲು:

"ನನಗೆ ಕೇಳಿಸ್ತಿದೆ! ನೀನು ಹೇಳಮ್ಮಾ!"

ಹಾಲ್ ಪೂರ್ತಿ ಹಿಂದೆ ತಿರುಗಿತು. ನೀನು ಕೈಚೀಲ ಮಡಿಲಲ್ಲಿಟ್ಟುಕೊಂಡು, ಪಕ್ಕದಲ್ಲಿ ಉದ್ದಕ್ಕ, ಅವರ ತಲೆ ಫ್ಯಾನಿಗೆ ತಾಗೋ ಹಾಗೆ. ನನಗೆ ನಗು ಬಂತು. ನಗುವಿಗೆ ಸೌಂಡ್ ಇತ್ತು! ಅದರ ಹಿಂದೆಯೇ ಮಾತೂ ಹೊರಟಿತು. ಯಾರನ್ನೂ ನೋಡಲಿಲ್ಲ, ನಿನ್ನೊಬ್ಬಳಿಗೇ ಹೇಳಿದೆ. ಆ ಕಿಟಕಿಯಿಂದ ಹೇಳುತ್ತಿದ್ದ ಹಾಗೆ, ತುಟಿ ಅಗಲಿಸಿ, ನಿಧಾನಕ್ಕೆ. ಗಂಟಲು ತಾನಾಗೇ ಜೊತೆಗೆ ಬಂತು.

ಬರೆದುಕೊಂಡು ಹೋದ ಕಾಗದದಲ್ಲಿ ಇದ್ದದ್ದು ಬೇರೆ. ಹೇಳಿದ್ದು ಮಗ್ಗದ ವಿಷಯ. ನೂಲು ಹೊತ್ತ ಲಾಳಿ ಆ ಕಡೆ ಹೋಗುತ್ತೆ, ಈ ಕಡೆ ಬರುತ್ತೆ. ಲಾಳಿಯನ್ನೇ ನೋಡ್ತಾ ನಿಂತವರಿಗೆ ಯಾವುದೂ ಮುಂದೆ ಹೋದ ಹಾಗೆ ಕಾಣೋದಿಲ್ಲ, ಬರೀ ಗದ್ದಲ. ಎಲ್ಲರೂ ಮಾತಾಡೋ ಕಾಲವೂ ಹಾಗೇ. ಆದರೆ ಕೆಳಗೆ ಬಟ್ಟೆ ಬೆಳೀತಾ ಇರುತ್ತೆ. ನಮ್ಮಜ್ಜಿ ಹೆಬ್ಬೆಟ್ಟು ಒತ್ತಿದರು, ದೊಡ್ಡಮ್ಮ ನೋಟೀಸಿನ ಕೆಳಗೆ ಪೆನ್ಸಿಲ್‌ನಲ್ಲಿ ಬರೆದರು (ಸಾರಿ, ಬಾಯಿ ತಪ್ಪಿ ಬಂತು), ನಾನು ಇಲ್ಲಿ ನಿಂತಿದ್ದೀನಿ. ಇದು ಬಟ್ಟೆ. ಎಳೆ ಹರಿಯೋದೂ ನಿಜ. ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು, ಮಗ್ಗಕ್ಕೆ ಬೈದರೆ ಆಗೋದಿಲ್ಲ. ಹೇಳ್ತಾ ಹೇಳ್ತಾ ನನಗೇ "ಹೌದು" ಅಂತ ನಂಬಿಕೆ ಬಂದುಬಿಟ್ಟಿತು. ಚೀಟಿಯಲ್ಲಿ ಬಂದ "ಹೌದು" ಅಲ್ಲ, ನನ್ನದೇ.

ಕೊನೆಗೆ ರೇಡಿಯೋ ಎದ್ದು ಆ ಪ್ರಶ್ನೆ ಹಾಕಿದಳಲ್ಲ: "ಎಲ್ಲರಿಗೂ ಓದು ಬಂತು, ಎಲ್ಲರಿಗೂ ಬಾಯಿ ಬಂತು, ಒಪ್ಪಿದೆ. ಕೇಳೋರು ಯಾರು?" ನನ್ನ ಹಿಂದೆ ಕೂತಿದ್ದ ಮೇಡಂ ಕಡೆ ತಿರುಗಿ ನಾನು ಹೇಳಿದ ಉತ್ತರಕ್ಕೆ ಅವರು ಕನ್ನಡಕ ತೆಗೆದು ಒರೆಸಿದರು. ರೇಡಿಯೋ ಅಲ್ಲೇ ಕೂತುಬಿಟ್ಟಳು. ಆದರೂ ಪ್ರೈಜ್ ಅವಳಿಗೇ ಬಂತು, ಬರಲೇಬೇಕಿತ್ತು. ನನಗೆ ಪಾಸ್! ಎರಡನೇ ವರ್ಷ ಇದೆ, ದೊಡ್ಡಮ್ಮಾ!

ಒಂದೇ ಕೋಪ. ಕಾರಿಡಾರಿನಲ್ಲಿ ನಿನ್ನ ಹಿಂದಿನಿಂದ "ದೊಡ್ಡಮ್ಮಾ, ದೊಡ್ಡಮ್ಮಾ" ಅಂತ ಕೂಗಿಕೊಂಡು ಬಂದೆ, ಈ ಜನ್ಮದಲ್ಲೇ ಅಷ್ಟು ಗಟ್ಟಿಯಾಗಿ ಕೂಗಿರಲಿಲ್ಲ. ನೀನು ತಿರುಗಲೇ ಇಲ್ಲ. ಉದ್ದಕ್ಕ ಭುಜ ಮುಟ್ಟಿದ ಮೇಲೆ ತಿರುಗಿದೆ. ಬಸ್ಸಿನ ಅವಸರ ಅಷ್ಟಿತ್ತಾ?

ಮೊಲ


ಸೆಪ್ಟೆಂಬರ್ 4

ನನ್ನ ಗಟ್ಟಿ ಮೊಲವೇ,

ಬಸ್ಸಿನ ಅವಸರ ಇರಲಿಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಉದ್ದಕ್ಕನ ಹೊಟ್ಟೆಯಲ್ಲಿ ಏನೂ ನಿಲ್ಲೋದಿಲ್ಲ, ಅವಳೇ ಹೇಳಿಬಿಡ್ತಾಳೆ. ಲೈನ್ ಸರಿಯಾಗೇ ಇದೆ. ಸಿಗ್ನಲ್ಲೂ ಇದೆ. ಕಿವಿ ಇಲ್ಲ. ಎಡಗಡೆಯದು ಹೋಗಿ ಬಹಳ ದಿನ ಆಯಿತು, ಬಲಗಡೆಯದು ಈಚೆಗೆ. ಮಗ್ಗದವರಿಗೆ ಇದು ಹೊಸದಲ್ಲ. ನೀನು ಅಳುತ್ತೀಯ ಅಂತ ಹೇಳಲಿಲ್ಲ. ಅತ್ತರೆ ನೋಡು ಮತ್ತೆ. ಡಾಕ್ಟರು ಕಿವಿಗೆ ಒಂದು ಯಂತ್ರ ಇಡ್ತಾರಂತೆ, ಮ್ಯಾನೇಜರ್ ಹುಡುಗನೇ ಓಡಾಡಿ ಗಿರಣಿಯ ಖರ್ಚಿನಲ್ಲಿ ಮಾಡಿಸ್ತಿದಾನೆ. ಮುಂದಿನ ತಿಂಗಳು ಬರುತ್ತೆ. ಸ್ಟೂಲೂ ಅಷ್ಟೇ, ಮಗ್ಗಕ್ಕೊಂದು ಬರ್ತಿದೆ. ಈಗ ಶನಿವಾರ ಮೈಕ್ ಮುಂದೆ ಕ್ಯೂ.

ಆ ಹುಡುಗರು "ಕೇಳಿಸ್ತಿಲ್ಲ" ಅಂತ ಕೂಗಿದರು ಅಂತ ಉದ್ದಕ್ಕ ನನಗೆ ತುಟಿಯಲ್ಲಿ ಹೇಳಿದಾಗ ಮೈ ಉರಿದು ಹೋಯಿತು. ಎರಡು ಕಿವಿ ಗಟ್ಟಿಯಿದ್ದವರಿಗೆ ಕೇಳಿಸೋದಿಲ್ಲವಂತೆ! ಅದಕ್ಕೇ ಕೂಗಿದೆ. ನಿಜ ಹೇಳ್ತೀನಿ, ಆವತ್ತು ಆ ಹಾಲ್‌ನಲ್ಲಿ ನನ್ನ ಕಿವಿಗೆ ಒಂದು ಸದ್ದೂ ಬೀಳಲಿಲ್ಲ. ಅಷ್ಟು ದೂರದಿಂದ ನಿನ್ನ ಒಂದೊಂದು ಮಾತೂ ಗೊತ್ತಾಯಿತು. ಪೆನ್ಸಿಲ್ ವಿಷಯವೂ ಗೊತ್ತಾಯಿತು, ಬಾ ನೀನು ರಜೆಗೆ.

ಒಂದೇ ಒಂದು ಮಾತು ತಪ್ಪಿಹೋಯಿತು. ಆ ರೇಡಿಯೋ ಹುಡುಗಿ ಕೇಳಿದ ಮೇಲೆ ನೀನು ನಿಮ್ಮ ಮೇಡಂ ಕಡೆ ತಿರುಗಿಬಿಟ್ಟೆ. ನನಗೆ ನಿನ್ನ ಜಡೆ ಮಾತ್ರ ಕಂಡಿತು. ಎಲ್ಲರೂ ಯಾಕೋ ತಿರುಗಿ ನನ್ನ ಕಡೆ ನೋಡಿ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಉದ್ದಕ್ಕನನ್ನ ಕೇಳಿದರೆ ಮೂಗು ಸೀಟ್ತಾಳೆ, ಹೇಳೋದಿಲ್ಲ. ಏನಂದೆ ಅಂತ ಬರೆದು ಕಳಿಸು.

ದೊಡ್ಡಮ್ಮ


ಸೆಪ್ಟೆಂಬರ್ 9

ದೊಡ್ಡಮ್ಮಾ,

ಅಳಲಿಲ್ಲ. ಸ್ವಲ್ಪ ಅತ್ತೆ, ಆಮೇಲೆ ರೇಡಿಯೋ ಅತ್ತಳು, ಅವಳು ಅತ್ತದ್ದು ನನಗಿಂತ ಗಟ್ಟಿ, ಆಮೇಲೆ ಇಬ್ಬರೂ ನಕ್ಕೆವು. ಈಗ ಇಡೀ ಮಹಡಿಗೆ ತುಟಿಮಾತು ಕಲಿಸ್ತಿದ್ದೀನಿ. ರೇಡಿಯೋಗೆ ಸದ್ದಿಲ್ಲದೆ ಮಾತಾಡೋದು ಕಷ್ಟ ಆಗ್ತಿದೆ. ರಜೆಗೆ ಅವಳನ್ನೂ ಕರೆದುಕೊಂಡು ಬರ್ತೀನಿ.

ನೀನು ಕೇಳಿದ್ದು ಇದು. ಅವಳು "ಕೇಳೋರು ಯಾರು?" ಅಂದಳು. ನಾನು ಮೇಡಂ ಕಡೆ ತಿರುಗಿ ಹೇಳಿದೆ:

"ಕೊನೇ ಸಾಲಿನಲ್ಲಿ ಕೂತಿದ್ದಾರೆ, ಮೇಡಂ. ನಮ್ಮ ದೊಡ್ಡಮ್ಮ."

ಮೊಲ